ನೆರೆಯ ರಾಜಧಾನಿಯ ದರ್ಶನ

ಈಚಿನ ವರ್ಷಗಳಲ್ಲಿ ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಗೃಹಸ್ಥರಲ್ಲಿಯೂ ದೇಶಾಟನೆಯ ಆಸೆ ಹೆಚ್ಚಿರುವುದು ಸಂತೋಷದ ಸಂಗತಿ. ಹಿಂದೆ ಕಾಶಿ ರಾಮೇಶ್ವರಗಳಿಗೆಂದು ಗಂಟು ಕಟ್ಟುತ್ತಿದ್ದ ಮನೆಗಳವರು ಈಗ ಬ್ಯಾಂಕಾಕ್, ಟೋಕಿಯೋ, ಸಿಂಗಪುರಗಳ ಹೆಸರನ್ನು ಹೇಳುತ್ತಾರೆ. ಹೋಗಿ ಬಂದವರನ್ನು ಕೇಳಿದರೆ ಬಹುಮಟ್ಟಿಗೆ ಒಂದೇ ಉತ್ತರ: “ಅಲ್ಲಿ ಹಳೆಯದೂ ಹೊಸದೂ ಒಂದೇ ಬೀದಿಯಲ್ಲಿವೆ, ಮೇಷ್ಟ್ರೇ. ಆಕಾಶ ಮುಟ್ಟುವ ಮಹಡಿಗಳ ಮಗ್ಗುಲಲ್ಲಿಯೇ ಗುಡಿ, ಗಂಟೆ, ಧೂಪ!”

ಕೇಳುವುದಕ್ಕೆ ನಮಗೂ ಹಿತವಾಗುವುದು. ಆದರೆ ಇಂತಹುದೇ ಒಂದು ಮಹಾನಗರವು ನಮ್ಮ ಮನೆಯ ಬಾಗಿಲಿನಿಂದ ಸುಮಾರು 50 ಕಿಲೋಮೀಟರು ದೂರದಲ್ಲಿರುವುದಷ್ಟೆ. ಬೆಂಗಳೂರು ಒಂದು ರಾಜ್ಯದ ರಾಜಧಾನಿಯೇ ಹೊರತು ಒಂದು ರಾಷ್ಟ್ರದ ರಾಜಧಾನಿಯಲ್ಲವೆಂಬುದು ನಿಜ. ಆದರೂ 2011ರ ಜನಗಣತಿಯಲ್ಲಿಯೇ 84 ಲಕ್ಷಕ್ಕೆ ಮಿಕ್ಕಿದ ಜನರನ್ನು ಹೊತ್ತಿದ್ದ ಈ ಊರು, ಏಷ್ಯಾ ಖಂಡದ ಎಷ್ಟೋ ರಾಷ್ಟ್ರಗಳ ರಾಜಧಾನಿಗಳಿಗಿಂತ ದೊಡ್ಡದು. ನಾವು ಅಲ್ಲಿಗೆ ಹೋಗುವುದಿಲ್ಲವೇ? ವಾರಕ್ಕೊಮ್ಮೆ ಹೋಗುತ್ತೇವೆ. ಕೋರ್ಟಿನ ವಾಯಿದೆಗೆ, ಆಸ್ಪತ್ರೆಗೆ, ಮದುವೆಯ ಸೀರೆಗೆ, ಮಗನ ಕೆಲಸದ ಅರ್ಜಿಗೆ ಹೋಗುತ್ತೇವೆ. ಆದರೆ ಹೋಗುವುದು ಬೇರೆ, ದರ್ಶನ ಮಾಡುವುದು ಬೇರೆ. ಕಳೆದ ಕಾರ್ತಿಕ ಮಾಸದಲ್ಲಿ ನಾವು, ನಮ್ಮ ಮನೆಯವರು ಮತ್ತು ಹನ್ನೊಂದು ವರ್ಷದ ಮೊಮ್ಮಗಳು, ಯಾವ ಕೆಲಸವನ್ನೂ ಇಟ್ಟುಕೊಳ್ಳದೆ ಎರಡು ದಿವಸ ಆ ಊರನ್ನು ನೋಡುವುದಕ್ಕಾಗಿಯೇ ನೋಡಿದೆವು. ಆಗ ತಿಳಿದುಬಂದ ಕೆಲವು ವಿಷಯಗಳನ್ನು ವಾಚಕರ ಮುಂದಿಡುವುದು ಈ ತಿಂಗಳ ಉದ್ದೇಶ.

ಮೊದಲು ಎರಡು ಪದಗಳ ವಿಚಾರ. ಪಾಠ ಹೇಳಿದ ನಾಲಗೆಗೆ ಇದು ಅಭ್ಯಾಸ, ವಾಚಕರು ಸೈರಿಸಬೇಕು. ‘ಸಂಪ್ರದಾಯ’ವೆಂದರೆ ಹಳೆಯದು ಎಂದು ಸಾಮಾನ್ಯವಾಗಿ ತಿಳಿಯುತ್ತೇವೆ. ಪದದಲ್ಲಿ ಹಳೆಯದೆಂಬ ಅರ್ಥವೇ ಇಲ್ಲ. ‘ದಾ’ ಎಂಬುದು ಕೊಡುವುದೆಂಬ ಧಾತು. ‘ಸಂ’, ‘ಪ್ರ’ ಎಂಬ ಉಪಸರ್ಗಗಳು ಸೇರಿ, ಚೆನ್ನಾಗಿ, ಪೂರ್ತಿಯಾಗಿ ಮುಂದಿನವರ ಕೈಗೆ ಕೊಡುವುದೆಂದಾಗುವುದು. ‘ಆಧುನಿಕ’ವೆಂಬುದೋ ‘ಅಧುನಾ’, ಅಂದರೆ ‘ಈಗ’ ಎಂಬ ಅವ್ಯಯದಿಂದ ಬಂದದ್ದು. ಹಾಗಾದರೆ ಇವೆರಡೂ ಶತ್ರುಗಳಾಗುವುದೆಲ್ಲಿ ಬಂತು? ಹಿಂದಿನವರು ಕೊಟ್ಟದ್ದನ್ನು ಈಗಿನವರು ಹಿಡಿದುಕೊಂಡರೆ ಅದೇ ಸಂಪ್ರದಾಯ, ಅದೇ ಆಧುನಿಕ. ಒಂದು ನಗರವನ್ನು ನೋಡುವಾಗ ಕೇಳಬೇಕಾದ ಪ್ರಶ್ನೆ ಇದು: ಈ ಊರು ಏನನ್ನು ಪಡೆದಿದೆ, ಏನನ್ನು ಯಾರಿಗೆ ಕೊಡುತ್ತಿದೆ?

ಬೆಂಗಳೂರೆಂಬ ಹೆಸರು ಬಹು ಹಳೆಯದು. ಸುಮಾರು ಕ್ರಿ. ಶ. 900ರ ಕಾಲದ ಬೇಗೂರಿನ ವೀರಗಲ್ಲೊಂದರಲ್ಲಿ ಬೆಂಗಳೂರಿನ ಕಾಳಗದ ಪ್ರಸ್ತಾಪವಿದೆ. ಆದರೆ ಪೇಟೆ, ಕೋಟೆ, ಕೆರೆಗಳೊಡನೆ ಊರನ್ನು ಕಟ್ಟಿದವರು ಯಲಹಂಕದ ಪ್ರಭು ಕೆಂಪೇಗೌಡರು, ಅದು 1537ರಲ್ಲಿ. ನಾಲ್ಕು ಜೊತೆ ಎತ್ತುಗಳಿಗೆ ನೇಗಿಲು ಕಟ್ಟಿ ನಾಲ್ಕು ದಿಕ್ಕಿಗೆ ಗೆರೆ ಎಳೆಸಿ ಬೀದಿಗಳನ್ನು ಗುರುತಿಸಿದರೆಂದು ಐತಿಹ್ಯ. ಕೋಟೆಯ ಹೆಬ್ಬಾಗಿಲು ನಿಲ್ಲದೆ ಹೋದಾಗ ಮನೆಯ ಸೊಸೆಯೇ ಪ್ರಾಣವನ್ನು ಕೊಟ್ಟಳೆಂದು ಇನ್ನೊಂದು ಕಥೆ. ಆಕೆಯ ಸಮಾಧಿಯೆಂದು ಕೋರಮಂಗಲದಲ್ಲಿ ಒಂದು ಸ್ಥಳವನ್ನು ತೋರಿಸುವರು. ಕಥೆಯ ನಿಜಾನಿಜವನ್ನು ಚರಿತ್ರಕಾರರು ನೋಡಿಕೊಳ್ಳಲಿ. ದೊಡ್ಡ ಊರು ನಿಲ್ಲಬೇಕಾದರೆ ಯಾರೋ ಒಬ್ಬರು ಬೆಲೆ ತೆರುವರೆಂಬುದನ್ನು ನಮ್ಮ ಹಿರಿಯರು ಅರಿತಿದ್ದರೆಂಬುದಕ್ಕೆ ಆ ಕಥೆಯೇ ಸಾಕ್ಷಿ.

1638ರಲ್ಲಿ ಬಿಜಾಪುರದ ಸೈನ್ಯವು ರಣದುಲ್ಲಾಖಾನನ ಮುಂದಾಳುತನದಲ್ಲಿ ಬೆಂಗಳೂರನ್ನು ಹಿಡಿಯಿತು. ಆಗ ಕೆಂಪೇಗೌಡರ ವಂಶಕ್ಕೆ ಆಸರೆಯಾದದ್ದು ನಮ್ಮ ಮಾಗಡಿ. 1728ರಲ್ಲಿ ಮೈಸೂರಿನವರು ಮಾಗಡಿಯನ್ನೂ ಸಾವನದುರ್ಗವನ್ನೂ ಗೆಲ್ಲುವವರೆಗೆ ಆ ಮನೆತನದ ಆಳ್ವಿಕೆ ಅಲ್ಲಿ ನಡೆಯಿತು. ಮಾಗಡಿಯ ಕೋಟೆ, ಸೋಮೇಶ್ವರನ ಗುಡಿಗಳನ್ನು ನೋಡಿದವರಿಗೆ ಆ ಕಾಲದ ನೆರಳು ಇಂದಿಗೂ ಕಾಣುವುದು. ಅದೇ ತಾಲ್ಲೂಕಿನ ಕೆಂಪಾಪುರದಲ್ಲಿ ಕೆಂಪೇಗೌಡರ ಸಮಾಧಿಯನ್ನು 2015ರಲ್ಲಿ ಗುರುತಿಸಿರುವರು. ದೇವನಹಳ್ಳಿಯ ವಿಮಾನ ನಿಲ್ದಾಣದ ಮುಂದೆ 2022ರಲ್ಲಿ ನಿಲ್ಲಿಸಿದ ಅವರ 108 ಅಡಿಯ ವಿಗ್ರಹವನ್ನು ನೋಡಲು ಜನ ಗುಂಪುಗೂಡುವರು. ಕೆಂಪಾಪುರದ ಕಲ್ಲನ್ನು ನೋಡಿದವರು ನಮ್ಮ ತಾಲ್ಲೂಕುಗಳಲ್ಲಿಯೇ ಎಷ್ಟು ಮಂದಿ? ಅಂತೂ ಬೆಂಗಳೂರಿಗೂ ನಮಗೂ ನಂಟು ಬೇರೆಯವರದಲ್ಲ, ದಾಯಾದಿಗಳದು.

ಇನ್ನು ದರ್ಶನದ ಕ್ರಮ. ಮೈಸೂರು–ಬೆಂಗಳೂರು ರೈಲುದಾರಿ 1882ರಲ್ಲಿ ಪೂರ್ತಿಯಾಯಿತು. ಅಂದಿನಿಂದ ಚನ್ನಪಟ್ಟಣ, ರಾಮನಗರಗಳವರಿಗೆ ಅದೇ ರಾಜಮಾರ್ಗ. ರೈಲಿಳಿದು ಹೊರಕ್ಕೆ ಬಂದೊಡನೆ ಎದುರಿಗೆ ಬಸ್ಸುಗಳ ಸಮುದ್ರ. ನಿಂತು ನೋಡಿರಿ, ಅದು ಧರ್ಮಾಂಬುಧಿ ಎಂಬ ಕೆರೆಯ ಅಂಗಳ. ಊರಿಗೆ ನೀರು ಕೊಡುತ್ತಿದ್ದ ಕೆರೆ ಬತ್ತಿ ಬಯಲಾಗಿ, ಬಯಲು ಬಸ್ಸುಗಳ ತಂಗುದಾಣವಾಗಿದೆ. ‘ಅಂಬುಧಿ’ಯಲ್ಲಿ ಅಂಬು ಇಲ್ಲ, ಹೆಸರು ಮಾತ್ರ ಉಳಿದಿದೆ. ಸಂಪಂಗಿಯ ಕೆರೆಯೂ ಹೀಗೆಯೇ ಕಂಠೀರವ ಕ್ರೀಡಾಂಗಣವಾಯಿತು. ಆದರೆ ಅಲ್ಲೊಂದು ವಿಶೇಷವಿದೆ. ಕರಗದ ಪೂಜೆಗೆ ನೀರು ಬೇಕಲ್ಲ. ಅದಕ್ಕಾಗಿ ಆ ಕೆರೆಯ ಒಂದು ಚಿಕ್ಕ ಭಾಗವನ್ನು ಕಲ್ಯಾಣಿಯಂತೆ ಉಳಿಸಿಕೊಂಡಿರುವರು. ಅಷ್ಟು ದೊಡ್ಡ ಕೆರೆಯಲ್ಲಿ ಉಳಿದ ಹಿಡಿ ನೀರನ್ನು ಉಳಿಸಿದ್ದು ಯಾವ ಕಾನೂನೂ ಅಲ್ಲ, ಒಂದು ಹಬ್ಬ.

ಆ ಹಬ್ಬದ ಸೊಬಗನ್ನು ಚೈತ್ರ ಪೌರ್ಣಮಿಯ ರಾತ್ರಿ ನೋಡಬೇಕು. ಹಳೆಯ ಪೇಟೆಯ ಧರ್ಮರಾಯನ ಗುಡಿಯಿಂದ ತಿಗಳರ ಕುಲದ ಅರ್ಚಕರು ಸ್ತ್ರೀವೇಷದಲ್ಲಿ ದ್ರೌಪದಿಯ ಹೂವಿನ ಕರಗವನ್ನು ತಲೆಯ ಮೇಲೆ ಹೊತ್ತು ಹೊರಡುವರು; ಸುತ್ತಲೂ ಕತ್ತಿ ಹಿಡಿದ ವೀರಕುಮಾರರು. ಕರಗವು ಕಾಟನ್‌ಪೇಟೆಯ ತವಕ್ಕಲ್ ಮಸ್ತಾನರ ದರ್ಗಕ್ಕೂ ಹೋಗಿ ಮರ್ಯಾದೆಯನ್ನು ಪಡೆದು ಮುಂದೆ ಸಾಗುವುದು. ಅದೇ ಪೇಟೆಯ ನೆಲದಡಿಯಲ್ಲಿ 2017ರಿಂದ ಮೆಟ್ರೋ ರೈಲು ಓಡುತ್ತಿದೆ. ಕೆಳಗೆ ವಿದ್ಯುತ್ತಿನ ರಥ, ಮೇಲೆ ಹೂವಿನ ಕರಗ, ಒಂದಕ್ಕೊಂದು ಅಡ್ಡಿಯಿಲ್ಲ. ಚಿಕ್ಕಪೇಟೆ, ಬಳೇಪೇಟೆ, ತರಗುಪೇಟೆ, ನಗರ್ತಪೇಟೆ ಎಂದು ಹೆಸರು ಕೇಳುತ್ತ ನಡೆದರೆ ಆಯಾ ಕಸಬಿನವರ ಊರು ಕಣ್ಣಿಗೆ ಕಟ್ಟುವುದು. ನಮ್ಮ ಮನೆಯವರು ಬಳೇಪೇಟೆಯಲ್ಲಿ ಒಂದು ಡಜನ್ ಗಾಜಿನ ಬಳೆಗಳನ್ನು ಕೊಂಡು, “ಹೆಸರಿಗಾದರೂ ಇಲ್ಲೇ ಕೊಳ್ಳಬೇಕು” ಎಂದರು. ನಾವು ಎದುರಾಡಲಿಲ್ಲ.

ಎರಡನೆಯ ದಿವಸ ಬಸವನಗುಡಿ. 1898ರ ಪ್ಲೇಗಿನ ಹಾವಳಿಯ ತರುವಾಯ ಹಳೆಯ ಪೇಟೆಯ ಇಕ್ಕಟ್ಟನ್ನು ಬಿಟ್ಟು ಗಾಳಿ ಬೆಳಕಿನ ಮನೆಗಳಿಗೆಂದು ಮಲ್ಲೇಶ್ವರ, ಬಸವನಗುಡಿಗಳನ್ನು ಬೆಳೆಸಿದರು. ಆದರೆ ಗುಡ್ಡದ ಮೇಲಿನ ಏಕಶಿಲೆಯ ಬಸವಣ್ಣ ಅದಕ್ಕೂ ಹಿಂದಿನವನು. ಸುಮಾರು 15 ಅಡಿ ಎತ್ತರ. ಕಾರ್ತಿಕದ ಕಡೆಯ ಸೋಮವಾರ ಅಲ್ಲಿ ಕಡಲೆಕಾಯಿ ಪರಿಷೆ. ನಮ್ಮ ಮಾಗಡಿ, ಕನಕಪುರ, ರಾಮನಗರಗಳ ರೈತರೂ ಚೀಲ ಹೊತ್ತು ಬರುವರು. ಬೆಳೆಯನ್ನು ತಿಂದುಹೋಗುತ್ತಿದ್ದ ಬಸವನೊಬ್ಬನು ಕಲ್ಲಾದನೆಂದೂ, ಮೊದಲ ಬೆಳೆಯನ್ನು ಅವನಿಗೆ ಒಪ್ಪಿಸುವ ಹರಕೆಯಿಂದ ಪರಿಷೆ ಹುಟ್ಟಿತೆಂದೂ ಕಥೆ. ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬೇಕು. ಕಡಲೆಕಾಯಿ ನಮ್ಮ ದೇಶದ ಗಿಡವಲ್ಲ, ದಕ್ಷಿಣ ಅಮೆರಿಕದ್ದು. ಯುರೋಪಿನ ನಾವಿಕರು ಸಮುದ್ರವನ್ನು ದಾಟಿ ಬಂದ ಮೇಲೆಯೇ ಅದು ನಮ್ಮ ಹೊಲಕ್ಕೆ ಇಳಿದದ್ದು. ಒಂದು ಕಾಲಕ್ಕೆ ಅದೂ ಹೊಸ ನಾಗರಿಕತೆಯ ಸರಕು! ನಮ್ಮವರು ಅದನ್ನು ಬೆಳೆದರು, ಬಸವಣ್ಣನಿಗೆ ಕೊಟ್ಟರು, ಮಕ್ಕಳಿಗೆ ಕಥೆ ಹೇಳಿದರು, ಅದು ಸಂಪ್ರದಾಯವಾಯಿತು. ಇದೇ ಬಸವನಗುಡಿಯ ಕಡೆಗೆ ಜಮಶೇಟ್‌ಜಿ ಟಾಟಾ ಅವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಪಾನಿನ ತಜ್ಞರನ್ನು ಕರೆಸಿ ರೇಷ್ಮೆಯ ತೋಟವನ್ನು ಮಾಡಿಸಿದರು. ಟಾಟಾ ಸಿಲ್ಕ್ ಫಾರ್ಮ್ ಎಂಬ ಬಡಾವಣೆಯ ಹೆಸರು ಉಳಿದಿದೆ. ಗೂಡಿನ ಮಾರುಕಟ್ಟೆಗೆ ಹೆಸರಾದ ರಾಮನಗರದವರು ಆ ಬೀದಿಯಲ್ಲಿ ಒಮ್ಮೆ ನಡೆದು ಬರಬೇಕು.

ವಿಧಾನಸೌಧವನ್ನು ನೋಡದೆ ಯಾರೂ ಬರಲಾರರು. ಒಂದು ಕಡೆ 1868ರಲ್ಲಿ ಮುಗಿದ ಅಠಾರಾ ಕಚೇರಿಯ ಕೆಂಪು ಕಟ್ಟಡ, ಎದುರಿಗೆ ದ್ರಾವಿಡ ಶಿಲ್ಪದ ಕಂಬ, ಗೋಪುರಗಳ ಕಲ್ಲಿನ ಸೌಧ. 1951ರ ಜುಲೈ 13ರಂದು ನೆಹರೂ ಅವರು ಅಡಿಗಲ್ಲಿಟ್ಟರು. 1956ರಲ್ಲಿ ಕಟ್ಟಡ ಮುಗಿಯಿತು. ಅದನ್ನು ಇಂದಿನ ವೈಭವದಲ್ಲಿ ಕಲ್ಪಿಸಿ ಕಟ್ಟಿಸಿದ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯವರು, 1908ರಲ್ಲಿ ಹುಟ್ಟಿದವರು. ಪ್ರಜೆಗಳ ಹೊಸ ಸರ್ಕಾರಕ್ಕೆ ಹಳೆಯ ಶಿಲ್ಪಿಗಳ ಉಳಿಯನ್ನು ಕರೆಸಿದ ಆ ಬುದ್ಧಿಯಲ್ಲಿ ನಾವು ಹೇಳಿದ ಎರಡು ಪದಗಳೂ ಸೇರಿವೆ. ಮುಂಬಾಗಿಲ ನೆತ್ತಿಯ ಮೇಲೆ, ಸರ್ಕಾರದ ಕೆಲಸ ದೇವರ ಕೆಲಸವೆಂದು ಕೆತ್ತಿರುವುದನ್ನು ಮೊಮ್ಮಗಳು ಗಟ್ಟಿಯಾಗಿ ಓದಿದಳು.

ಆ ಸಂಜೆ ಮೆಟ್ರೋ ರೈಲಿನಲ್ಲಿ ಕುಳಿತು ಚಲ್ಲಘಟ್ಟದ ಕಡೆಗೆ ಬರುತ್ತಿದ್ದೆವು. 2011ರ ಅಕ್ಟೋಬರಿನಲ್ಲಿ ಈ ಊರಿನಲ್ಲಿ ಮೊದಲು ಓಡಿದ ಆ ರೈಲು 2023ರಲ್ಲಿ ನಮ್ಮ ದಿಕ್ಕಿಗೆ ಅಲ್ಲಿಯವರೆಗೂ ಬಂದಿದೆ. ಮೈಸೂರು ರಸ್ತೆಯ ಪಕ್ಕದಲ್ಲಿ ಕಪ್ಪು ನೀರು ಕಂಡಿತು.

“ತಾತ, ಅದೇನು ಅಷ್ಟು ದೊಡ್ಡ ಮೋರಿ?”

“ಮೋರಿಯಲ್ಲ ಕಣಮ್ಮ, ವೃಷಭಾವತಿ ನದಿ.”

“ಬೆಳಿಗ್ಗೆ ಬಸವಣ್ಣನ ಪಾದದ ಹತ್ತಿರ ಹುಟ್ಟಿತು ಅಂದಿರಲ್ಲ, ಅದೇನಾ?”

“ಅದೇ.”

“ಇಲ್ಲಿಂದ ಎಲ್ಲಿಗೆ ಹೋಗುತ್ತೆ?”

“ನಮ್ಮ ಕಡೆಗೇ ಬರುತ್ತೆ, ಮಗು.”

ಅವಳು ಮತ್ತೇನೂ ಕೇಳಲಿಲ್ಲ. ಕೇಳಬೇಕಾದವರು ದೊಡ್ಡವರು; ಆದುದರಿಂದ ಲೆಕ್ಕವನ್ನು ನಾವು ಬಿಡಿಸಿ ಹೇಳುತ್ತೇವೆ.

ಅರ್ಕಾವತಿ, ಕುಮುದ್ವತಿಗಳು ಕೂಡುವ ಮಾಗಡಿ ಸೀಮೆಯ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಜಲಾಶಯವನ್ನು ಕಟ್ಟಿ ಬೆಂಗಳೂರಿಗೆ ಕುಡಿಯುವ ನೀರನ್ನು ಒದಗಿಸಿದರು. ನಗರವು ನದಿಯ ಮೇಲುಭಾಗಕ್ಕೆ ಹಬ್ಬಿದಂತೆಲ್ಲ ಹೊಳೆಗೆ ಬರುವ ನೀರು ಕಡಿಮೆಯಾಯಿತು, ಬಂದದ್ದೂ ಕೆಟ್ಟಿತು. 2012ರಲ್ಲಿ ಅಲ್ಲಿಂದ ನೀರನ್ನು ಒಯ್ಯುವುದು ನಿಂತಿತು. ಅಷ್ಟರಲ್ಲಿ ನಗರವು ಕಾವೇರಿಯ ಕಡೆಗೆ ಕೈ ಚಾಚಿಯಾಗಿತ್ತು. 1974ರಿಂದ ಸುಮಾರು 100 ಕಿಲೋಮೀಟರು ದೂರದ ಕಾವೇರಿಯ ನೀರು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳ ಯಂತ್ರಗಳಿಂದ ಹಂತಹಂತವಾಗಿ ಸುಮಾರು 500 ಮೀಟರು ಮೇಲಕ್ಕೇರಿ ಬೆಂಗಳೂರನ್ನು ಸೇರುತ್ತಿದೆ. ದಾರಿ ನಮ್ಮ ಕನಕಪುರದ ಸೀಮೆಯದು. 2024ರ ಅಕ್ಟೋಬರಿನಲ್ಲಿ ಆರಂಭವಾದ ಐದನೆಯ ಹಂತದ ಒಂದು ಯೋಜನೆಯೇ ದಿನಕ್ಕೆ 77 ಕೋಟಿ 50 ಲಕ್ಷ ಲೀಟರಿನದು. ಇದು ಸಂತೋಷವೇ, ಬಾಯಾರಿದವರಿಗೆ ನೀರನ್ನು ಬೇಡವೆನ್ನುವ ಕುಲ ನಮ್ಮದಲ್ಲ, ಅಲ್ಲಿ ಕುಡಿಯುವವರಲ್ಲಿ ನಮ್ಮ ಮಕ್ಕಳೂ ಇರುವರು.

ಆದರೆ ಕುಡಿದ ನೀರು, ತೊಳೆದ ನೀರು, ಕಾರ್ಖಾನೆಯ ನೀರು ಹೋಗುವುದೆಲ್ಲಿಗೆ? ಅದರ ದೊಡ್ಡದೊಂದು ಪಾಲು ವೃಷಭಾವತಿಗೆ ಬಿದ್ದು, ಬಿಡದಿಯ ಬಳಿಯ ಬೈರಮಂಗಲದ ಕೆರೆಗೆ ಬರುವುದು. ಗದ್ದೆಗಳಿಗೆಂದು ಕಟ್ಟಿದ ಆ ಕೆರೆಯ ಮೇಲೆ ನೊರೆ ಎದ್ದಿರುವುದನ್ನು ನೋಡಿದವರು ಮರೆಯಲಾರರು. ಸುತ್ತಲಿನ ಬಾವಿಗಳ ನೀರು ಬಾಯಿಗಿಡುವಂತಿಲ್ಲ. ಅಲ್ಲಿಂದ ಮುಂದೆ ಅದು ಅರ್ಕಾವತಿಯನ್ನು ಕೂಡಿ, ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಯನ್ನು ಸೇರುವುದು. ಸಂಗಮದಲ್ಲಿ ನಾವು ಮೀಯುತ್ತೇವೆ, ಪಿತೃಗಳಿಗೆ ತರ್ಪಣ ಬಿಡುತ್ತೇವೆ. ನಾವು ಕೊಟ್ಟದ್ದು ತಿಳಿನೀರು, ನಮಗೆ ಬಂದದ್ದು ಕಪ್ಪು ನೀರು. ‘ಸಂಪ್ರದಾನ’ವೆಂಬ ಶಬ್ದಕ್ಕೆ ಇದಕ್ಕಿಂತ ದುಃಖದ ಉದಾಹರಣೆಯನ್ನು ನಾವು ಯಾವ ತರಗತಿಯಲ್ಲಿಯೂ ಹೇಳಿಲ್ಲ.

ದೊಡ್ಡ ಊರಾದ ಮೇಲೆ ಇದೆಲ್ಲ ತಪ್ಪದು ಎಂದು ಕೆಲವರು ಹೇಳುವರು. ಏಷ್ಯಾದ ಬೇರೆ ರಾಜಧಾನಿಗಳನ್ನು ನೋಡಿ ಬಂದವರನ್ನೇ ಕೇಳಿರಿ. 1868ರವರೆಗೆ ಎದೋ ಎನಿಸಿಕೊಂಡಿದ್ದ ಟೋಕಿಯೋ ನಗರವು ಭೂಕಂಪವನ್ನೂ ಯುದ್ಧದ ಬೆಂಕಿಯನ್ನೂ ಕಂಡದ್ದು. ಆದರೂ ಅದರ ನಡುವೆ ಉಎನೋ ಎಂಬಲ್ಲಿ ತಾವರೆಯ ಕೊಳವೊಂದು ಉಳಿದಿದೆ. ಆ ಕೊಳದ ನಡುಗಡ್ಡೆಯ ಗುಡಿಯಲ್ಲಿರುವ ಬೆನ್ಜೈತೆನ್ ಎಂಬ ದೇವಿ ಬೇರಾರೂ ಅಲ್ಲ, ಬೌದ್ಧರೊಡನೆ ಚೀನಾದ ದಾರಿಯಾಗಿ ಅಲ್ಲಿಗೆ ಹೋದ ನಮ್ಮ ಸರಸ್ವತಿ. ‘ಸರಸ್’ ಎಂದರೆ ಸರೋವರವಷ್ಟೆ. ಹೆಸರಿಗೆ ತಕ್ಕ ನೆಲೆಯನ್ನು ಜಪಾನಿನವರು ಅವಳಿಗೆ ಉಳಿಸಿಕೊಟ್ಟಿರುವರು. ಕೊರಿಯಾದ ಸಿಯೋಲ್ ನಗರದಲ್ಲಿ ಹಳೆಯ ಹೊಳೆಯೊಂದನ್ನು ಮುಚ್ಚಿ ಮೇಲೆ ಎತ್ತರದ ಹೆದ್ದಾರಿಯನ್ನು ಕಟ್ಟಿದ್ದರು. 2003ರಲ್ಲಿ ಆ ಹೆದ್ದಾರಿಯನ್ನು ಕೆಡವಲಾರಂಭಿಸಿ, 2005ರಲ್ಲಿ ಸುಮಾರು ಆರು ಕಿಲೋಮೀಟರು ಹೊಳೆಯನ್ನು ಮತ್ತೆ ಬೆಳಕಿಗೆ ತಂದರು. ಅದರಲ್ಲಿ ಹರಿಯುವ ನೀರಿನ ಬಹುಭಾಗ ಯಂತ್ರದಿಂದ ತಂದದ್ದು, ನಿಜ. ಆದರೂ ಮಕ್ಕಳು ಅದರ ದಡದಲ್ಲಿ ಕಾಲಾಡಿಸುತ್ತ ಕೂರುವರು. ಮನಸ್ಸು ಮಾಡಿದರೆ ಹೆದ್ದಾರಿಯೂ ಹೊಳೆಗೆ ದಾರಿ ಬಿಡುವುದೆಂದಾಯಿತು.

ಈ ಮಾತು ಈಗ ನಮಗೆ ಹತ್ತಿರದ್ದಾಗಿದೆ. 2007ರಲ್ಲಿ ಬೇರೆಯಾಗಿ ರೂಪುಗೊಂಡ ನಮ್ಮ ಜಿಲ್ಲೆಗೆ 2025ರ ಮೇ ತಿಂಗಳಲ್ಲಿ ಸರ್ಕಾರವು ಬೆಂಗಳೂರು ದಕ್ಷಿಣವೆಂದು ಹೆಸರಿಟ್ಟಿತು, ಕೇಂದ್ರ ರಾಮನಗರವೇ. ನೆಲದ ಬೆಲೆ ಏರುವುದೆಂದು ಕೆಲವರಿಗೆ ಹರ್ಷ, ಊರಿನ ಹೆಸರು ಹೋಯಿತೆಂದು ಕೆಲವರಿಗೆ ನೋವು. ಎರಡಕ್ಕೂ ಕಾರಣವಿದೆ. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯು ರಾಮನಗರ, ಚನ್ನಪಟ್ಟಣಗಳನ್ನು ಪಕ್ಕಕ್ಕೆ ಬಿಟ್ಟು ಸಾಗುವುದು. ಪ್ರಯಾಣ ಬೇಗನಾಯಿತು, ಆದರೆ ಹಳೆಯ ರಸ್ತೆಯ ಬದಿಯಲ್ಲಿ ಬಣ್ಣದ ಗೊಂಬೆಗಳನ್ನಿಟ್ಟುಕೊಂಡು ಕುಳಿತವರ ಮುಂದೆ ನಿಲ್ಲುತ್ತಿದ್ದ ಕಾರುಗಳು ಕಡಿಮೆಯಾದುವು. ಆಲೆಮರವನ್ನು ಚರಕಿಗೆ ಕೊಟ್ಟು ಅರಗಿನ ಬಣ್ಣವನ್ನು ಹಿಡಿಸುವ ಆ ಕೈಗಳ ಕಸಬು ಮುಂದಿನವರಿಗೆ ದಾಟಬೇಕಾದರೆ ಕೊಳ್ಳುವವರು ಹೆದ್ದಾರಿಯಿಂದ ಇಳಿದು ಬರಬೇಕು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಮಕ್ಕಳ ರಜೆಯಲ್ಲಿ ಎರಡು ದಿವಸ ಬಿಡುವು ಮಾಡಿಕೊಂಡು ಬೆಂಗಳೂರನ್ನು ತೋರಿಸಿರಿ. ಮಾಲುಗಳಿಗೆ ಒಂದು ಗಂಟೆ ಸಾಕು. ಧರ್ಮರಾಯನ ಗುಡಿಗೂ ಬಸವಣ್ಣನ ಗುಡ್ಡಕ್ಕೂ ವಿಧಾನಸೌಧಕ್ಕೂ ಉಳಿದ ಹೊತ್ತನ್ನು ಕೊಡಿರಿ. ಮೂರನೆಯ ದಿವಸ ಬೈರಮಂಗಲದ ಏರಿಯ ಮೇಲೆ ಅವರನ್ನು ನಿಲ್ಲಿಸಿರಿ. ರಾಜಧಾನಿಯ ದರ್ಶನ ಅಲ್ಲಿಗೆ ಮುಗಿಯುವುದು. ಮಗಳಿಗೋ ಮೊಮ್ಮಗನಿಗೋ ಹುಟ್ಟುಹಬ್ಬದ ಉಡುಗೊರೆಯನ್ನು ಚನ್ನಪಟ್ಟಣದ ಕುಶಲಿಗಳಿಂದಲೇ ಕೊಳ್ಳಿರಿ. ಮತ ಕೇಳಲು ಮನೆಗೆ ಬಂದವರನ್ನು ಕುಳ್ಳಿರಿಸಿ, ಕಾಫಿ ಕೊಟ್ಟು, ವೃಷಭಾವತಿಗೆ ಬಿಡುವ ನೀರನ್ನು ಶುದ್ಧಮಾಡಿ ಬಿಡಿಸುವುದಕ್ಕೆ ಏನು ಮಾಡಿದಿರೆಂದು ಕೇಳಿರಿ. ಬಿಡಾರ ಹೂಡಲು ನಗರವೇ ನಮ್ಮ ಊರುಗಳಿಗೆ ಬರುತ್ತಿರುವ ಕಾಲದಲ್ಲಿ ನಿಮ್ಮ ಊರಿನ ಕೆರೆಯ ಎಲ್ಲೆಕಲ್ಲುಗಳು ಎಲ್ಲಿವೆಯೆಂದು ಪಂಚಾಯಿತಿಯಲ್ಲಿ ವಿಚಾರಿಸಿ, ಒಂದು ಸಂಜೆ ಮನೆಮಂದಿಯೆಲ್ಲ ಹೋಗಿ ನೋಡಿಬನ್ನಿರಿ. ಧರ್ಮಾಂಬುಧಿಯ ದಡದಲ್ಲಿದ್ದವರಲ್ಲಿ ಹಾಗೆ ವಿಚಾರಿಸಿದವರು ಇನ್ನಷ್ಟು ಮಂದಿ ಇದ್ದಿದ್ದರೆ, ರೈಲಿಳಿದವರ ಕಣ್ಣಿಗೆ ಇಂದಿಗೂ ಮೊದಲು ನೀರು ಕಾಣುತ್ತಿತ್ತು.